ಮೀಟುವ ಬೆರಳಿಗೆ ನೋವೇಕೆ?

ತಂತಿವಾದ್ಯ ಕಲಿಯುವವರ ಬೆರಳಿನಲ್ಲಿ ರಕ್ತ ಒಸರಿದರೇ ವಿದ್ಯೆ ಒಲಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಉಳಿದಿದೆ. ಶ್ರಮವಿಲ್ಲದೆ ವಿದ್ಯೆಯಿಲ್ಲವೆಂಬುದು ದಿಟ. ಆದರೆ ಶ್ರಮ ಬೇರೆ, ನೋವು ಬೇರೆ. ಯುಕುಲೆಲೆ ಎಂಬ ಪುಟ್ಟ ವಾದ್ಯವನ್ನು ಬೆರಳಿನಿಂದ ಮೀಟಲು ಕಲಿಯಬಯಸುವವರು ಈ ಭೇದವನ್ನು ಮೊದಲ ದಿನವೇ ಅರಿಯಬೇಕೆಂಬುದು ನನ್ನ ಅಭಿಪ್ರಾಯ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯವರಿಗಂತೂ ಇದು ಹೆಚ್ಚು ಸಲ್ಲುವ ಮಾತು. ಇಲ್ಲಿನ ಬೆರಳುಗಳು ವಾದ್ಯದ ಬಳಿಗೆ ಬರುವ ಮೊದಲೇ ದಣಿದಿರುತ್ತವೆ.

ರಾಮನಗರದಲ್ಲಿ ರೇಷ್ಮೆ ನೂಲು ಬಿಚ್ಚುವವರು ಗೂಡು ಬೆಂದ ಬಿಸಿನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿಯನ್ನು ಹಿಡಿಯುತ್ತಾರೆ. ದಿನವಿಡೀ ನೆನೆದ ಚರ್ಮ ಮೆತ್ತಗಾಗಿ ಬಿರಿಯುತ್ತದೆ. ಚನ್ನಪಟ್ಟಣದ ಗೊಂಬೆ ಕಸುಬಿನವರು ತಿರುಗುವ ಆಲೆಮರದ ತುಂಡಿಗೆ ಉಳಿಯನ್ನು ಬಿಗಿಹಿಡಿದು ಒತ್ತುತ್ತಾರೆ. ಕನಕಪುರ, ಮಾಗಡಿಯ ಹಳ್ಳಿಗಳಲ್ಲಿ ಹಿಪ್ಪುನೇರಳೆ ಸೊಪ್ಪು ಬಿಡಿಸುವುದೂ ಹಾಲು ಕರೆಯುವುದೂ ನಿತ್ಯದ ಕೆಲಸ. ಹೆಬ್ಬೆರಳನ್ನು ಮಡಿಸಿಕೊಂಡು ವರ್ಷಗಟ್ಟಲೆ ಹಾಲು ಕರೆದವರಿಗೆ ಆ ಬೆರಳಿನ ಗೆಣ್ಣು ಎಷ್ಟು ಸವೆಯುತ್ತದೆಂಬುದನ್ನು ಬೇರೆ ಹೇಳಬೇಕಿಲ್ಲ. ಇಂಥ ಕೈಗೆ ವಾದ್ಯವು ಮತ್ತೊಂದು ದುಡಿಮೆಯಾಗಬಾರದು. ಬೇರೆ ಬಗೆಯ ಚಲನೆಯಾಗಬೇಕು.

ಯುಕುಲೆಲೆಯ ಹುಟ್ಟೂ ದುಡಿಯುವ ಕೈಗಳಲ್ಲಿಯೇ ಆಯಿತು. 1879ರಲ್ಲಿ ಪೋರ್ಚುಗಲ್ಲಿನ ಮದೀರಾ ದ್ವೀಪದಿಂದ ಹವಾಯಿಯ ಕಬ್ಬಿನ ತೋಟಗಳ ಕೆಲಸಕ್ಕೆಂದು ಹಡಗು ಹತ್ತಿ ಬಂದವರಲ್ಲಿ ಕೆಲವರು ಮರಗೆಲಸ ಬಲ್ಲವರಾಗಿದ್ದರು. ತಮ್ಮ ನಾಡಿನ ಕಿರುವಾದ್ಯದ ಮಾದರಿಯಲ್ಲಿ ಅವರು ಮಾಡಿದ ವಾದ್ಯವೇ ಇದು. ನಾಲ್ಕೇ ತಂತಿಗಳು, ಅವೂ ಸಾಮಾನ್ಯವಾಗಿ ನೈಲಾನಿನವು. ಗಿಟಾರಿನ ಉಕ್ಕಿನ ತಂತಿಯಷ್ಟು ಅವು ಬೆರಳನ್ನು ಕೊರೆಯುವುದಿಲ್ಲ. ತಡವಾಗಿ ಕಲಿಯಲು ಹೊರಟವರಿಗೆ ನಾನು ಇದನ್ನು ಒಪ್ಪುವುದಕ್ಕೆ ಮುಖ್ಯ ಕಾರಣ ಇದೇ.

ಹೆಚ್ಚಿನವರು ನಾಲ್ಕು ತಂತಿಗಳನ್ನೂ ಒಟ್ಟಿಗೆ ಕೆರೆದು ನಿಲ್ಲಿಸಿಬಿಡುತ್ತಾರೆ. ಬಿಡಿಬಿಡಿಯಾಗಿ ಮೀಟುವುದರಲ್ಲಿ ಬೆರಳಿಗೂ ಕಿವಿಗೂ ಹೆಚ್ಚಿನ ಕೆಲಸವಿದೆ. ಮುಖಕ್ಕೆ ಹತ್ತಿರವಿರುವುದು ನಾಲ್ಕನೆಯ ತಂತಿ, ನೆಲದ ಕಡೆಗಿರುವುದು ಮೊದಲನೆಯದು. ನಾಲ್ಕು ಮತ್ತು ಮೂರನೆಯ ತಂತಿ ಹೆಬ್ಬೆರಳಿನ ಪಾಲಿಗೆ. ಎರಡನೆಯದು ತೋರುಬೆರಳಿಗೆ, ಮೊದಲನೆಯದು ನಡುಬೆರಳಿಗೆ. ಹೆಬ್ಬೆರಳಿನಿಂದ ನಾಲ್ಕು, ತೋರುಬೆರಳಿನಿಂದ ಎರಡು, ಮತ್ತೆ ಹೆಬ್ಬೆರಳಿನಿಂದ ಮೂರು, ನಡುಬೆರಳಿನಿಂದ ಒಂದು: ಇಷ್ಟೇ ಒಂದು ಸುತ್ತು. ಗಡಿಯಾರದ ಸೆಕೆಂಡಿಗೆ ಒಂದೇ ಮೀಟು ಸಾಕು. ವೀಣೆ ಬಲ್ಲವರಿಗೆ ಮೊದಮೊದಲು ಇದು ತಿರುವುಮುರುವಾಗಿ ತೋರಬಹುದು. ವೀಣೆಯಲ್ಲಿ ತೋರುಬೆರಳು, ನಡುಬೆರಳುಗಳು ಕೆಳಮುಖವಾಗಿ ಮೀಟುತ್ತವೆ. ಇಲ್ಲಿ ಅವು ಮೇಲ್ಮುಖವಾಗಿ ಅಂಗೈಯತ್ತ ಮಡಿಯಬೇಕು. ತಂಬೂರಿ ಹಿಡಿದು ತತ್ವಪದ ಹಾಡುವ ಹಿರಿಯರಿಗೆ ಒಂದು ಅನುಕೂಲವುಂಟು: ಬೆರಳು ತನ್ನಷ್ಟಕ್ಕೆ ಮೀಟುತ್ತಿರಲು ಬಾಯಿ ಹಾಡುವುದು ಅವರಿಗೆ ಆಗಲೇ ಬಂದಿರುತ್ತದೆ.

ಮಣಿಕಟ್ಟು ಬಾಗದೆ ನೆಟ್ಟಗಿರಲಿ, ಭುಜ ಸಡಿಲವಾಗಿರಲಿ. ಬೆರಳನ್ನು ತಂತಿಯಿಂದ ದೂರ ಎತ್ತುವ ಅಗತ್ಯವಿಲ್ಲ. ಬೆಳಿಗ್ಗೆ ಐದು ನಿಮಿಷ, ಸಂಜೆ ಐದು ನಿಮಿಷಕ್ಕಿಂತ ಹೆಚ್ಚನ್ನು ಮೊದಲ ತಿಂಗಳಿನಲ್ಲಿ ನಾನು ಯಾರಿಗೂ ಹೇಳಲಾರೆ. ಭಾನುವಾರ ಒಂದೇ ದಿನ ಎರಡು ಗಂಟೆ ಕುಳಿತು ವಾರದ ಲೆಕ್ಕ ತೀರಿಸುವ ಉತ್ಸಾಹಿಗಳಿಗೇ ಸ್ನಾಯುಬಂಧದ ಊತ ಕಾಡುವ ಭಯ ಹೆಚ್ಚು. ನೂಲು ಬಿಚ್ಚುವ ಕೆಲಸದಿಂದ ಬಂದವರು ಕೈ ಒರೆಸಿ, ಚರ್ಮ ಪೂರ್ತಿ ಒಣಗುವವರೆಗೆ ತಂತಿ ಮುಟ್ಟದಿರುವುದು ಲೇಸು; ಬಿರುಕಿದ್ದರೆ ಅದು ಮಾಯುವವರೆಗೂ ಕಾಯಬೇಕು. ಸಕ್ಕರೆ ಕಾಯಿಲೆಯವರಿಗೆ ಇದು ಇನ್ನೂ ಮುಖ್ಯ, ಅವರ ಗಾಯ ಬೇಗ ಮಾಯುವುದಿಲ್ಲ.

ತಂತಿಯನ್ನು ಒತ್ತುವ ಎಡಗೈ ಬೆರಳ ತುದಿ ಕೆಲವು ದಿನ ಉರಿಯುವುದು ಸಹಜ, ಅದು ತಾನಾಗಿ ಶಮನವಾಗುತ್ತದೆ. ಆದರೆ ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜುಮುಗುಟ್ಟಿ ಎಚ್ಚರವಾಗುವುದು, ಮಡಿಸಿದ ಬೆರಳು ಸಿಕ್ಕಿಕೊಂಡು ಟಕ್ಕನೆ ಬಿಚ್ಚುವುದು, ಗೆಣ್ಣು ಊದುವುದು ಸಹಜವಲ್ಲ. ಮೊದಲನೆಯದು ಮಣಿಕಟ್ಟಿನಲ್ಲಿ ನರ ಅದುಮಿದುದರ ಲಕ್ಷಣವಾಗಿರಬಹುದು. ಎರಡನೆಯದು ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚಾಗಿ ಕಾಣುವಂಥದು. ಇವುಗಳನ್ನು ಸಾಧನೆಯ ಗುರುತೆಂದು ಸಹಿಸಿಕೊಳ್ಳದೆ ವೈದ್ಯರಿಗೆ ತೋರಿಸಬೇಕು.

ಬೆರಳು ಮೀಟಿದರೆ ರಕ್ತದೊತ್ತಡ, ಮಧುಮೇಹ ವಾಸಿಯಾಗುತ್ತವೆ ಎಂದು ಹೇಳಿ ವಾದ್ಯ ಮಾರುವವರ ಮಾತಿಗೆ ಕಿವಿಗೊಡಬೇಕಿಲ್ಲ. ನುಂಗುವ ಮಾತ್ರೆಯನ್ನು ನಿಲ್ಲಿಸಲೂ ಕೂಡದು. ವಾದ್ಯದಿಂದ ದೊರೆಯುವುದು ಅದಕ್ಕಿಂತ ಸಣ್ಣದು, ಆದರೂ ಬೆಲೆಯುಳ್ಳದ್ದು: ಬಿಗಿಹಿಡಿದೇ ಅಭ್ಯಾಸವಾದ ಕೈ ಹಗುರವಾಗಿ ಮುಟ್ಟುವುದನ್ನು ಕಲಿಯುತ್ತದೆ, ಮನಸ್ಸು ಹತ್ತು ನಿಮಿಷ ಒಂದೆಡೆ ನಿಲ್ಲುತ್ತದೆ. ಮೊಮ್ಮಗನಿಗೆಂದು ತಂದು ಬೀರುವಿನ ಮೇಲೆ ಧೂಳು ಹಿಡಿಯುತ್ತಿರುವ ಯುಕುಲೆಲೆಯನ್ನು ಅಜ್ಜಿ ಕೈಗೆತ್ತಿಕೊಂಡರೆ, ಈ ವಯಸ್ಸಿನಲ್ಲಿ ಇದೇಕೆ ಎಂದು ಮನೆಯವರು ನಗದಿರಲಿ. ಅವಸರವಿಲ್ಲದೆ ಸೆಕೆಂಡಿಗೊಂದು ಮೀಟು ಮೀಟುವ ತಾಳ್ಮೆ ಆ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದು ಬಹುಶಃ ಆಕೆಗೇ.