ಸಭೆಯ ವಿಳಾಸ ಬಸ್ ನಿಲ್ದಾಣದಲ್ಲೇ ಸಿಗಲಿ

ನನ್ನ ತಮ್ಮ ಕುಡಿತ ಬಿಡುತ್ತೇನೆಂದಾಗ, ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆ ಎಲ್ಲಿ ನಡೆಯುತ್ತದೆಂದು ಹೇಳುವವರೇ ನಮ್ಮೂರಲ್ಲಿ ಇರಲಿಲ್ಲ. ಆಸ್ಪತ್ರೆಯೊಂದರ ಕೌಂಟರಿನಲ್ಲೂ ‘ಗೊತ್ತಿಲ್ಲಮ್ಮ’ ಎಂದರು. ಕೊನೆಗೆ ದಾರಿ ತೋರಿದ್ದು ಕುಡಿತ ಬಿಟ್ಟ ಒಬ್ಬ ಆಟೋ ಚಾಲಕ.

ಚರ್ಚಿನ ಹಿಂದಿನ ಶಾಲಾ ಕೊಠಡಿ, ಪ್ಲಾಸ್ಟಿಕ್ ಕುರ್ಚಿಗಳು, ಸ್ಟೀಲ್ ಲೋಟದಲ್ಲಿ ಚಹಾ. ಜಾತಿ, ಕೆಲಸ ಯಾರೂ ಕೇಳಲಿಲ್ಲ. ಶುಲ್ಕವಿಲ್ಲ, ಬಿಡಬೇಕೆಂಬ ಆಸೆ ಇದ್ದರೆ ಸಾಕು. 1935ರಲ್ಲಿ ಅಮೆರಿಕದ ಅಕ್ರಾನ್‌ನಲ್ಲಿ ಕುಡಿತದಿಂದ ಬಸವಳಿದ ಇಬ್ಬರು ಕಟ್ಟಿದ ಕೂಟವಿದು. ಅವರಲ್ಲೊಬ್ಬರು ಶಸ್ತ್ರವೈದ್ಯರು. ಮನೆಯವರಿಗೆಂದೇ ಅಲ್-ಅನಾನ್ ಸಭೆಗಳೂ ಇವೆ. ನನ್ನಂಥ ಅಕ್ಕಂದಿರಿಗೆ ಅದೂ ಬೇಕು.

ಒಂದು ಎಚ್ಚರಿಕೆ: ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಮೊದಲು ವೈದ್ಯರು, ಜೊತೆಗೆ ಸಭೆ.

ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಹಳ್ಳಿಹಳ್ಳಿಗೂ ತಲುಪಿವೆ. ಆದರೆ ಶಿಬಿರ ಮುಗಿದ ಮೇಲಿನ ಸಂಜೆಗಳೇ ಕಷ್ಟ. ಆಗ ಕೂರಲು ಒಂದು ಜಾಗ ಬೇಕು, ಅದು ಎಲ್ಲಿದೆಯೆಂದು ಗೊತ್ತಿರಬೇಕು.

ಪ್ರಾಥಮಿಕ ಆರೋಗ್ಯ ಕೇಂದ್ರ, ಪಂಚಾಯಿತಿ ಕಚೇರಿ, ಬಸ್ ನಿಲ್ದಾಣಗಳಲ್ಲಿ ಹತ್ತಿರದ ಸಭೆಯ ವಾರ, ವೇಳೆ, ಸ್ಥಳ ಬರೆಸಿ. ಅಲ್ಲಿಯವರೆಗೆ ದಾರಿ ಕಾಣದವರು 14446ಕ್ಕೆ ಕರೆ ಮಾಡಿ. ಅದು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ.