ಕುಡಿತ ಬಿಡಬೇಕೆಂಬವನಿಗೆ ದಾರಿ ಹೇಳುವವರಾರು?

ನಮ್ಮವನೊಬ್ಬ ಈ ಹೈದರಾಬಾದಿನಲ್ಲಿ ತೀರಿಕೊಂಡರೆ, ಹೆಣವನ್ನು ಊರಿಗೆ ಮುಟ್ಟಿಸಲು ಸಂಘವು ಒಂದೇ ರಾತ್ರಿಯಲ್ಲಿ ಚಂದಾ ಎತ್ತುತ್ತದೆ. ಅದು ನಮಗೆ ಹೆಮ್ಮೆಯ ಸಂಗತಿಯೇ ಸರಿ. ಆದರೆ ಕಳೆದ ತಿಂಗಳು ಹೋಟೆಲ್ ಕೆಲಸದ ಸದಸ್ಯರೊಬ್ಬರು ಸಂಘದ ಕೋಣೆಗೆ ಬಂದು, "ಕುಡಿಯೋದು ಬಿಡೋರ ಸಭೆ ಎಲ್ಲೋ ಸೇರ್ತದಂತ್ರಿ, ಎಲ್ಲಿ ಅಂತ ಸ್ವಲ್ಪ ಹೇಳ್ರಿ" ಎಂದು ತಗ್ಗಿದ ದನಿಯಲ್ಲಿ ಕೇಳಿದಾಗ, ಅಲ್ಲಿದ್ದ ನಮ್ಮಲ್ಲಿ ಒಬ್ಬರಿಗೂ ಉತ್ತರ ತಿಳಿದಿರಲಿಲ್ಲ. ಒಬ್ಬಿಬ್ಬರು ನಕ್ಕೂಬಿಟ್ಟರು. ಅವರು ಮರುಮಾತಾಡದೆ ಹೊರಟುಹೋದರು. ಸತ್ತವನಿಗೆ ಹೆಗಲು ಕೊಡುವ ನಾವು ಬದುಕಬೇಕೆಂದು ಬಂದವನಿಗೆ ಒಂದು ವಿಳಾಸ ಕೊಡಲಾರದೆ ಹೋದೆವು. ಈ ತಪ್ಪನ್ನು ಮೊದಲು ಒಪ್ಪಿಕೊಂಡೇ ಮುಂದಿನ ಮಾತು ಬರೆಯುತ್ತಿದ್ದೇವೆ.

ಸೇಂದಿ ಅಂಗಡಿಗೆ ಯಾರೂ ದಾರಿ ಕೇಳಬೇಕಾಗಿಲ್ಲ. ನಸುಕಿನಿಂದ ರಾತ್ರಿ ಹನ್ನೊಂದರವರೆಗೆ ಒಲೆಯ ಮುಂದೆ ನಿಂತವನಿಗೆ, ರಾತ್ರಿ ಪಾಳಿ ಮುಗಿಸಿ ಗಿರಣಿಯಿಂದ ಹೊರಬಿದ್ದವನಿಗೆ, ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವನಿಗೆ ಅದು ತಾನಾಗಿ ಎದುರಾಗುತ್ತದೆ. ಅಂಗಡಿ ಮುಚ್ಚಿಸಿದರೆ ಸಾಕೆಂದು ಹೇಳುವವರಿದ್ದಾರೆ. ನೆಲ್ಲೂರು ಜಿಲ್ಲೆಯ ಹೆಂಗಸರು 1992 ರಲ್ಲಿ ಸಾರಾಯಿಯ ವಿರುದ್ಧ ಎದ್ದು ನಿಂತರು. ಅದರ ಫಲವಾಗಿ 1995 ರಲ್ಲಿ ಅಂದಿನ ಆಂಧ್ರಪ್ರದೇಶದಲ್ಲಿ ಪೂರ್ಣ ಪಾನನಿಷೇಧ ಬಂದಿತು. 1997 ರಲ್ಲಿ ಅದು ಸಡಿಲಗೊಂಡಿತು. ಆ ತಾಯಂದಿರ ಹೋರಾಟಕ್ಕೆ ನಾವು ತಲೆಬಾಗುತ್ತೇವೆ. ಆದರೆ ಕಾನೂನು ಅಂಗಡಿಗೆ ಬೀಗ ಹಾಕಬಲ್ಲುದೇ ಹೊರತು, ಸಂಜೆಯ ಹೊತ್ತು ನಡುಗುವ ಕೈಯನ್ನು ಹಿಡಿದು ಕೂಡಿಸಲಾರದು. ಅದಕ್ಕೆ ಇನ್ನೊಬ್ಬ ಮನುಷ್ಯನೇ ಬೇಕು.

ಆ ಸದಸ್ಯರು ಕೇಳಿದ ಸಭೆ ಅಂಥದೇ. ಅದರ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್, ಜನ ಎ.ಎ. ಎನ್ನುತ್ತಾರೆ. 1935 ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಷೇರುಪೇಟೆಯ ಬಿಲ್ ವಿಲ್ಸನ್, ಶಸ್ತ್ರವೈದ್ಯ ಬಾಬ್ ಸ್ಮಿತ್ ಎಂಬ ಇಬ್ಬರು ಕುಡುಕರು ಒಬ್ಬರನ್ನೊಬ್ಬರು ಹಿಡಿದು ನಿಲ್ಲಿಸಿದಾಗ ಅದು ಹುಟ್ಟಿತು. ಭಾರತಕ್ಕೆ 1957 ರಲ್ಲಿ ಬಂದಿತು. ಹೈದರಾಬಾದು, ಸಿಕಂದರಾಬಾದುಗಳಲ್ಲಿಯೂ ಅದರ ಸಭೆಗಳು ಸೇರುತ್ತವೆ. ಅಲ್ಲಿ ಫೀಜಿಲ್ಲ, ಉಪದೇಶವಿಲ್ಲ, ಜಾತಿ ಮತ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು. ಒಬ್ಬ ತನ್ನ ಕಥೆ ಹೇಳುತ್ತಾನೆ, ಉಳಿದವರು ಕೇಳುತ್ತಾರೆ. ಕೇಳಿದ್ದನ್ನು ಹೊರಗೆ ಆಡುವುದಿಲ್ಲ. ಜನ್ಮಪೂರ್ತಿ ಬಿಡುತ್ತೇನೆಂದು ಆಣೆ ಮಾಡಿಸುವುದಿಲ್ಲ. ಈ ಒಂದು ದಿನ ಕುಡಿಯದಿದ್ದರಾಯಿತು ಎನ್ನುತ್ತಾರೆ. ಕುಡುಕರ ಮನೆಯವರಿಗಾಗಿ ಅಲ್-ಅನಾನ್ ಎಂಬ ಬೇರೆ ಕೂಟವೇ ಇದೆ.

ಇದು ಪರದೇಶದ ಪದ್ಧತಿ, ನಮಗೆ ಒಗ್ಗದು ಎನ್ನುವವರು ನಮ್ಮ ನಾಡಿನ ಕಡೆಗೇ ನೋಡಲಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಕರ್ನಾಟಕದ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರನ್ನು ಹಾಗೆಯೇ ಬಿಡದೆ ನವಜೀವನ ಸಮಿತಿಗಳಲ್ಲಿ ಸೇರಿಸುತ್ತಾರೆ. ಕುಡಿತ ಬಿಟ್ಟವನನ್ನು ಬಿಟ್ಟವರ ನಡುವೆಯೇ ಇಡಬೇಕೆಂಬ ವಿವೇಕ ಎರಡು ಕಡೆಯೂ ಒಂದೇ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಬಹುಕಾಲ ದಿನವೂ ಕುಡಿದವನು ಹಠದಿಂದ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಮೈ ನಡುಗಿ, ಫಿಟ್ಸ್ ಬಂದು, ಇಲ್ಲದ್ದನ್ನು ಕಂಡಂತೆ ಬಡಬಡಿಸಬಹುದು, ಜೀವಕ್ಕೇ ಅಪಾಯವಾಗಬಹುದು. ನಿದ್ರೆ ಮಾತ್ರೆ ಬೆರೆಸಿದ ಸೇಂದಿ ಕುಡಿಯುತ್ತಿದ್ದವರಿಗೂ ಹೀಗಾಗುತ್ತದೆ. ಇದು ದೆವ್ವವಲ್ಲ, ನಾಟಕವೂ ಅಲ್ಲ. ಆದ್ದರಿಂದ ಮೊದಲು ಡಾಕ್ಟರು, ಆಮೇಲೆ ಸಭೆ. ಎರ್ರಗಡ್ಡದ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಇದಕ್ಕೆ ಚಿಕಿತ್ಸೆಯುಂಟು. 14446 ಎಂಬ ಚಟಮುಕ್ತಿ ದೂರವಾಣಿಗೆ ಹಣ ಬೀಳುವುದಿಲ್ಲ. 14416 ಕ್ಕೆ ಫೋನು ಮಾಡಿದರೆ ಕನ್ನಡದಲ್ಲಿಯೇ ಮಾತಾಡಬಹುದು.

ಇನ್ನು ಸಂಘದ ಕರ್ತವ್ಯ. ನಗರದ ಎ.ಎ. ಸಭೆಗಳ ಸ್ಥಳ, ದಿನ, ವೇಳೆ, ಭಾಷೆಗಳನ್ನು ವಿಚಾರಿಸಿ ಫಲಕದ ಮೇಲೆ ಬರೆದಿಡಬೇಕು. ಇವು ಬದಲಾಗುವುದರಿಂದ ತಿಂಗಳಿಗೊಮ್ಮೆ ತಿದ್ದಬೇಕು. ಮೊದಲ ದಿನ ಒಬ್ಬನೇ ಹೋಗಲು ನಾಚುವವನ ಜೊತೆ ಬಾಗಿಲವರೆಗೆ ಒಬ್ಬರು ಹೋಗಬೇಕು. ಸಂಜೆಯ ಸಭೆಗೆ ಹೋಟೆಲಿನವನಿಗೆ ಬಿಡುವಿಲ್ಲ. ಅವನ ಬಿಡುವು ಊಟದ ಗದ್ದಲ ಮುಗಿದ ಮೇಲೆ, ಸಂಜೆಯ ತಿಂಡಿಗೆ ಮುಂಚೆ. ಕುಡಿತ ಬಿಟ್ಟ ಇಬ್ಬರು ಕನ್ನಡಿಗರು ಕಲೆತರೂ ಒಂದು ಕನ್ನಡ ಸಭೆ ಹುಟ್ಟಬಲ್ಲುದು. ಆ ವೇಳೆಗೆ ನಮ್ಮ ಕೋಣೆ ಅವರಿಗೆ ತೆರೆದಿರಲಿ. ಅವರು ಹೊರಗಿನವರ ದಾನ ಮುಟ್ಟುವುದಿಲ್ಲ. ಅಲ್ಪ ಬಾಡಿಗೆಯಾದರೂ ಕೊಟ್ಟೇ ಕೂಡುತ್ತಾರೆ. ಅದನ್ನು ಗೌರವದಿಂದ ಪಡೆಯೋಣ. ಆದರೆ ಬಂದವರ ಹೆಸರು ಬರೆಯುವುದು, ಕಿಟಕಿಯಲ್ಲಿ ಇಣುಕುವುದು, ಮಾಲೀಕರ ಕಿವಿಗೆ ಹಾಕುವುದು, ಇವು ನಮ್ಮಿಂದ ಆಗಕೂಡದು.

ಮಾಲೀಕರಲ್ಲಿಯೂ ಒಂದು ವಿನಂತಿ: ಚಿಕಿತ್ಸೆಗೆ ಹೋದವನ ಕೆಲಸ ಕಾಯ್ದಿಡಿರಿ. ಪಳಗಿದ ಭಟ್ಟನನ್ನು ಕಳೆದುಕೊಳ್ಳುವುದಕ್ಕಿಂತ ಕೆಲವು ವಾರ ಕಾಯುವುದೇ ಲಾಭ.

ಅಂದು ತಲೆತಗ್ಗಿಸಿ ಹೋದ ಆ ಸದಸ್ಯರು ಈ ಪತ್ರಿಕೆ ಓದುತ್ತಿದ್ದರೆ ಇನ್ನೊಮ್ಮೆ ಬರಲಿ ಎಂದು ಬೇಡುತ್ತೇವೆ. ಈ ಸಲ ಯಾರೂ ನಗುವುದಿಲ್ಲ.