ಪುಸ್ತಕ ಮುಚ್ಚಿ ಹೃದಯ ಬರೆಯಿರಿ

ಎಸ್ಸೆಸ್ಸೆಲ್ಸಿ ವಿಜ್ಞಾನ ಪತ್ರಿಕೆಗೆ ಎರಡು ದಿನ ಉಳಿದಿದೆ ಎನ್ನುವಾಗ ನಮ್ಮ ಹಳ್ಳಿಗಾಡಿನ ಮಕ್ಕಳ ಕೈಯಲ್ಲಿ ಪಠ್ಯಪುಸ್ತಕ ಕಾಣುವುದು ಕಡಿಮೆ. ಜೆರಾಕ್ಸ್ ಹಾಳೆಗಳ ಒಂದು ಕಟ್ಟು ಕಾಣುತ್ತದೆ. ಪಾಸಾಗಲು ಬೇಕಾದ ಪ್ರಶ್ನೋತ್ತರಗಳ ಆ ಕಟ್ಟಿಗೆ ಪಾಸಿಂಗ್ ಪ್ಯಾಕೇಜ್ ಎಂದು ಹೆಸರು. ಸಾಲಗಾಮೆಯಿಂದ ಹಾಸನಕ್ಕೆ ಹೊರಟ ಬಸ್ಸಿನಲ್ಲಿ, ಮನೆಯ ಜಗಲಿಯಲ್ಲಿ, ಶಾಲೆಯ ಮರದ ಕೆಳಗೆ ಮಕ್ಕಳು ಅದನ್ನು ಹಿಡಿದು ತುಟಿ ಅಲ್ಲಾಡಿಸುತ್ತಾ ಓದುತ್ತಾರೆ. ಮುಗಿಯಿತೆಂದರೆ ಮತ್ತೆ ಮೊದಲಿಂದ. ಪರೀಕ್ಷೆ ಮುಗಿದ ಮೇಲೆ ಮೇಷ್ಟ್ರುಗಳಿಗೆ ಪ್ರತಿವರ್ಷ ಕೇಳಿಬರುವ ಮಾತು ಒಂದೇ: "ಓದ್ಕೊಂಡೇ ಹೋಗಿದ್ದೆ ಸಾರ್, ಬರೆಯೋಕೆ ಕೂತಾಗ ಬರಲೇ ಇಲ್ಲ."

ಆ ಮಗು ಸುಳ್ಳು ಹೇಳುತ್ತಿಲ್ಲ. ನಿಜಕ್ಕೂ ಓದಿತ್ತು. ಕಣ್ಣು ಓದಿತ್ತು, ಕೈ ಓದಿರಲಿಲ್ಲ. ಕೊನೆಯ ಎರಡು ಮೂರು ದಿನಗಳಲ್ಲಿ ಜೀವಶಾಸ್ತ್ರವನ್ನು ಓದುವುದು ನಿಲ್ಲಿಸಿ ಬರೆಯಬೇಕು, ಅದರಲ್ಲೂ ಚಿತ್ರ ಬರೆಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಫಲಿತಾಂಶ ನಮ್ಮ ಜಿಲ್ಲೆಗೆ ಹೊಸ ಚಿಂತೆಯೇನಲ್ಲ. 2017ರಲ್ಲಿ ಪಟ್ಟಿಯ ಕೆಳಭಾಗದಲ್ಲಿದ್ದ ಹಾಸನ 2019ರಲ್ಲಿ ಶೇ 89.33 ಫಲಿತಾಂಶ ಪಡೆದು ರಾಜ್ಯಕ್ಕೇ ಮೊದಲ ಸ್ಥಾನಕ್ಕೆ ಬಂತು. 2023ರಲ್ಲಿ ಚಿತ್ರದುರ್ಗ, ಮಂಡ್ಯದ ನಂತರ ಮೂರನೆಯ ಸ್ಥಾನ. 2019ರಲ್ಲಿ ಆ ಗೆಲುವಿನ ಶ್ರೇಯಸ್ಸು ಅಧಿಕಾರಿಗಳದೋ ರಾಜಕಾರಣಿಗಳದೋ ಎಂದು ದೊಡ್ಡ ಚರ್ಚೆಯೇ ನಡೆಯಿತು. ಪರೀಕ್ಷೆಯ ಹಿಂದಿನ ದಿನ ಮಗು ಏನು ಮಾಡಬೇಕು ಎಂಬುದು ಮಾತ್ರ ಅಂಥ ಚರ್ಚೆಗಳಲ್ಲಿ ಬರುವುದೇ ಇಲ್ಲ. ಜಿಲ್ಲೆಯ ಸ್ಥಾನ ಏರುವುದೂ ಇಳಿಯುವುದೂ ಕೊನೆಗೆ ಆ ಮಗುವಿನ ಬಿಳಿ ಹಾಳೆಯ ಮೇಲೆಯೇ.

ವಿಜ್ಞಾನ ಪತ್ರಿಕೆ 80 ಅಂಕದ್ದು. ಈಚಿನ ವರ್ಷಗಳಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಎಂದು ಮೂರು ಭಾಗವಾಗಿ 38 ಪ್ರಶ್ನೆ ಬರುತ್ತಿವೆ. ಸುಮಾರು ಮೂರನೇ ಒಂದು ಪಾಲು ಜೀವಶಾಸ್ತ್ರದ್ದು. ಕೊನೆ ಗಳಿಗೆಯ ದುಡಿಮೆಗೆ ಅತಿ ಹೆಚ್ಚು ಫಲ ಕೊಡುವ ಭಾಗವೂ ಅದೇ. ಮಸೂರದ ಲೆಕ್ಕ, ವಿದ್ಯುತ್ತಿನ ಲೆಕ್ಕ ಎರಡು ದಿನದಲ್ಲಿ ಕೈವಶವಾಗುವುದಿಲ್ಲ. ಹೃದಯ, ಮೆದುಳು, ಜೀರ್ಣಾಂಗವ್ಯೂಹ, ವಿಸರ್ಜನಾಂಗವ್ಯೂಹ, ನೆಫ್ರಾನ್, ನರಕೋಶ, ಪತ್ರರಂಧ್ರ, ಹೂವಿನ ನೀಳಸೀಳಿಕೆ, ಸ್ತ್ರೀ ಸಂತಾನೋತ್ಪತ್ತಿ ವ್ಯೂಹ ಮಾತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಪರೀಕ್ಷೆಗೆ ಬರಬಹುದಾದ ಚಿತ್ರಗಳೇ ಹತ್ತೋ ಹನ್ನೆರಡೋ. ಅವನ್ನು ಎರಡು ದಿನದಲ್ಲಿ ಕೈಗೆ ಕಲಿಸಬಹುದು.

ಕೈಗೆ ಕಲಿಸುವುದು ಎಂದೆನಲ್ಲ, ಇದಕ್ಕೆ ಆಧಾರವೂ ಇದೆ. ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟು, ಕೆಲವರಿಂದ ಅದನ್ನೇ ಮತ್ತೊಮ್ಮೆ ಓದಿಸಿದರು. ಇನ್ನು ಕೆಲವರಿಗೆ ಹಾಳೆ ಕೊಟ್ಟು ನೆನಪಿದ್ದಷ್ಟನ್ನು ಬರೆಯಿರಿ ಎಂದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಎರಡು ದಿನ ಬಿಟ್ಟು ಕೇಳಿದಾಗ, ವಾರ ಬಿಟ್ಟು ಕೇಳಿದಾಗ, ನೆನೆದು ಬರೆದವರು ಮುಂದೆ ಬಂದಿದ್ದರು. ನಮ್ಮ ಮಕ್ಕಳು ಮೋಸಹೋಗುವುದು ಆ ಐದು ನಿಮಿಷದಲ್ಲಿ. ಹಾಳೆ ನೋಡುತ್ತಿರುವಾಗ ಎಲ್ಲವೂ ಗೊತ್ತಿದೆ ಅನ್ನಿಸುತ್ತದೆ. ಹಾಳೆ ಮಗುಚಿಟ್ಟು ನೋಡಿದರೆ ಎಷ್ಟು ಗೊತ್ತಿದೆ ಎಂಬುದು ಗೊತ್ತಾಗುತ್ತದೆ.

ಆದ್ದರಿಂದ ಮಕ್ಕಳೇ, ಪುಸ್ತಕ ಮುಚ್ಚಿ ಹೃದಯ ಬರೆಯಿರಿ. ಪೆನ್ಸಿಲಿನಲ್ಲಿ, ಅರ್ಧ ಪುಟದಷ್ಟು ದೊಡ್ಡದಾಗಿ ಬರೆಯಿರಿ. ಮೊದಲು ಹೊರಗೆರೆ, ಆಮೇಲೆ ನಾಲ್ಕು ಕೋಣೆ: ಮೇಲಿನೆರಡು ಹೃತ್ಕರ್ಣ, ಕೆಳಗಿನೆರಡು ಹೃತ್ಕುಕ್ಷಿ. ಹೃತ್ಕುಕ್ಷಿಗಳ ಗೋಡೆ ದಪ್ಪ, ಅದರಲ್ಲೂ ಎಡಗಡೆಯದು. ಇಡೀ ಮೈಗೆ ರಕ್ತ ನೂಕುವ ಕೆಲಸ ಅದರದು. ಹಾಳೆಯ ಎಡಗಡೆ ಕಾಣುವುದು ಹೃದಯದ ಬಲಭಾಗ ಎಂಬುದನ್ನು ಮರೆಯಬೇಡಿ. ಇಲ್ಲಿ ತಪ್ಪಿದರೆ ಚಿತ್ರ ಚೆನ್ನಾಗಿದ್ದರೂ ಹೆಸರಿನ ಅಂಕ ಹೋಗುತ್ತದೆ. ಆಮೇಲೆ ರಕ್ತದ ದಾರಿಯನ್ನು ಬೆರಳಿಟ್ಟು ಹಿಡಿಯಿರಿ: ಮೈಯಿಂದ ಬಲ ಹೃತ್ಕರ್ಣಕ್ಕೆ, ಅಲ್ಲಿಂದ ಬಲ ಹೃತ್ಕುಕ್ಷಿಗೆ, ಅಲ್ಲಿಂದ ಶ್ವಾಸಕೋಶಕ್ಕೆ, ತಿರುಗಿ ಎಡ ಹೃತ್ಕರ್ಣಕ್ಕೆ, ಎಡ ಹೃತ್ಕುಕ್ಷಿಗೆ, ಮಹಾಪಧಮನಿಗೆ. ಈ ಒಂದು ಚಿತ್ರ ಕೈಗೆ ಬಂದರೆ ಅಪಧಮನಿ–ಅಭಿಧಮನಿ ವ್ಯತ್ಯಾಸ, ಇಮ್ಮಡಿ ಪರಿಚಲನೆ, ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಕ್ಸಿಜನ್ ಕಡಿಮೆ ಇರುವ ರಕ್ತ ಏಕಿದೆ ಎಂಬ ಪ್ರಶ್ನೆ, ಮೂರಕ್ಕೂ ಉತ್ತರ ಅದರೊಳಗೇ ಸಿಗುತ್ತದೆ. ಬರೆದಾದ ಮೇಲೆ ಪುಸ್ತಕ ತೆರೆದು ಕೆಂಪು ಪೆನ್ನಿನಲ್ಲಿ ನೀವೇ ತಿದ್ದಿಕೊಳ್ಳಿ. ಸಂಜೆ ಇನ್ನೊಮ್ಮೆ, ನೋಡದೆ.

ಚಿತ್ರ ಎಂದರೆ ಡ್ರಾಯಿಂಗ್ ಬಂದವರಿಗೆ ಮಾತ್ರ ಎಂದುಕೊಳ್ಳುವ ಮಕ್ಕಳು ಬಹಳ. ಜೀವಶಾಸ್ತ್ರದ ಚಿತ್ರ ಸುಂದರವಾಗಿರಬೇಕಿಲ್ಲ, ಸರಿಯಾಗಿರಬೇಕು. ಬಣ್ಣ, ನೆರಳು ಯಾವುದೂ ಬೇಡ. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ಅದರಲ್ಲಿನ ಗಿಡಮರಗಳ ರೇಖಾಚಿತ್ರಗಳು ಅವರದೇ ಕೈಯವು. ನಿಮ್ಮ ಶಾಲೆಯ ಗ್ರಂಥಾಲಯದಲ್ಲಿದ್ದರೆ ತೆಗೆದು ನೋಡಿ: ಬರಿಯ ಗೆರೆಗಳಿಂದ ಒಂದು ಗಿಡದ ಗುರುತು ಎಷ್ಟು ನಿಚ್ಚಳವಾಗಿ ಸಿಗುತ್ತದೆ ಎಂಬುದು ತಿಳಿಯುತ್ತದೆ.

ಪಾಸಿಂಗ್ ಪ್ಯಾಕೇಜಿನ ಬಗ್ಗೆ ನನಗಿರುವ ದೊಡ್ಡ ತಕರಾರು ಬೇರೆಯೇ. ಅದು ಎಲ್ಲ ಮಕ್ಕಳಿಗೂ ಒಂದೇ ಉತ್ತರ ಕೊಡುತ್ತದೆ. ಸಾಲಗಾಮೆ, ದುದ್ದ, ಶಾಂತಿಗ್ರಾಮ ಕಡೆಯ ಮಕ್ಕಳು ಹುಟ್ಟಿನಿಂದ ಕಂಡಿರುವ ಜೀವಶಾಸ್ತ್ರಕ್ಕೆ ಅದರಲ್ಲಿ ಜಾಗವೇ ಇಲ್ಲ.

ಆಲೂಗೆಡ್ಡೆಯನ್ನೇ ತೆಗೆದುಕೊಳ್ಳಿ. 'ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ?' ಎಂಬ ಅಧ್ಯಾಯದಲ್ಲಿ ಒಂದು ಚಟುವಟಿಕೆ ಇದೆ: ಆಲೂಗೆಡ್ಡೆಯನ್ನು ಚೂರು ಮಾಡಿ, ಕಣ್ಣಿರುವ ಚೂರನ್ನೂ ಕಣ್ಣಿಲ್ಲದ ಚೂರನ್ನೂ ಒದ್ದೆ ಹತ್ತಿಯ ಮೇಲಿಟ್ಟು ಯಾವುದು ಚಿಗುರುತ್ತದೆ ನೋಡಿ ಎಂದು. ಹಾಸನದ ಎಪಿಎಂಸಿ ಯಾರ್ಡಿಗೆ ಪಂಜಾಬಿನ ಜಲಂಧರದಿಂದ ಬಿತ್ತನೆಗೆಡ್ಡೆ ಬಂದಿಳಿಯುವುದನ್ನು, ಮೇ ತಿಂಗಳ ಮಳೆಗೆ ಮುಂಚೆ ಮನೆಮಂದಿಯೆಲ್ಲ ಕೂತು ಪ್ರತಿ ಹೋಳಿಗೂ ಕಣ್ಣು ಉಳಿಯುವಂತೆ ಕುಯ್ಯುವುದನ್ನು ನೋಡಿದ ಮಗುವಿಗೆ ಈ ಚಟುವಟಿಕೆ ಹೊಸದೇ? ಅದೇ ಕಾಯಜ ಸಂತಾನೋತ್ಪತ್ತಿ. ಕಣ್ಣು ಎಂದರೆ ಮೊಗ್ಗು. ಆದರೂ ಆ ಮಗು ಪರೀಕ್ಷೆಯಲ್ಲಿ ಪ್ಯಾಕೇಜಿನ ಎರಡು ಸಾಲನ್ನು ಕಂಠಪಾಠ ಮಾಡಿ ಅರ್ಧ ಮರೆತು ಬರುತ್ತದೆ.

ಇನ್ನೂ ಮುಂದೆ ಹೋಗಬಹುದು. ಭಿನ್ನತೆಯಿಂದ ಪ್ರಭೇದಕ್ಕೆ ಏನು ಪ್ರಯೋಜನ ಎಂಬುದು ಮತ್ತೆ ಮತ್ತೆ ಬರುವ ಪ್ರಶ್ನೆ. ನಮ್ಮಲ್ಲಿ ಬಹುಕಾಲ ಬೆಳೆದದ್ದು ಕುಫ್ರಿ ಜ್ಯೋತಿ. ಶಿಮ್ಲಾದ ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ 1968ರಲ್ಲಿ ಬಿಡುಗಡೆ ಮಾಡಿದ ತಳಿ. ಮೊದಲಿಗೆ ಅಂಗಮಾರಿಯನ್ನು ತಡೆಯುತ್ತಿದ್ದ ತಳಿ ಅದು. ಕಾಲ ಕಳೆದಂತೆ ರೋಗಾಣು ಬದಲಾಯಿತು, ಗೆಡ್ಡೆಯಿಂದ ಗೆಡ್ಡೆಗೆ ಬಂದ ಬೆಳೆ ಬದಲಾಗಲಿಲ್ಲ. ಮೋಡ ಕವಿದು ಜಿಟಿಜಿಟಿ ಮಳೆ ಹಿಡಿದರೆ ಇಡೀ ಹೊಲ ಒಂದೇ ವಾರದಲ್ಲಿ ಕಪ್ಪಾಗಿ ಸುಟ್ಟಂತಾಗುವುದು ಇದಕ್ಕೇ. ಪ್ರತಿ ಗಿಡವೂ ಪಕ್ಕದ ಗಿಡದ ಪಡಿಯಚ್ಚು. ಒಂದಕ್ಕೆ ತಡೆಯಲಾಗದ ರೋಗ ಯಾವುದಕ್ಕೂ ತಡೆಯಲಾಗದು. 1845ರಿಂದ ಐರ್ಲೆಂಡಿನಲ್ಲಿ ಇದೇ ರೋಗ ಬೆಳೆ ತಿಂದು, ಹಸಿವು, ಕಾಯಿಲೆಗಳಿಂದ ಸುಮಾರು ಹತ್ತು ಲಕ್ಷ ಜನ ಸತ್ತರು. ಅಂಗಮಾರಿಗೆ ಹೆದರಿ ಮುಸುಕಿನಜೋಳಕ್ಕೋ ಶುಂಠಿಗೋ ತಿರುಗಿದ ಅಪ್ಪನ ಮಗಳಿಗೆ ಈ ಪ್ರಶ್ನೆಯ ಉತ್ತರವನ್ನು ಯಾರೂ ಬಾಯಿಪಾಠ ಮಾಡಿಸಬೇಕಿಲ್ಲ. ನಿನ್ನ ಹೊಲದ ಕಥೆಯೇ ಈ ಪ್ರಶ್ನೆಯ ಉತ್ತರ ಎಂದು ಹೇಳುವವರು ಬೇಕು, ಅಷ್ಟೇ. ಅಲೈಂಗಿಕ ಸಂತಾನೋತ್ಪತ್ತಿಯಲ್ಲಿ ಭಿನ್ನತೆ ಕಡಿಮೆ, ಪರಿಸರ ಬದಲಾದಾಗ ಉಳಿಯಲು ಭಿನ್ನತೆ ಬೇಕು: ಎರಡು ಅಂಶ, ಒಂದು ಉದಾಹರಣೆ, ಪೂರ್ತಿ ಅಂಕ. ಹಾಗೆಯೇ ಪುಸ್ತಕ ಪಪ್ಪಾಯ ಎನ್ನುವ ನಮ್ಮ ಹಿತ್ತಿಲ ಪರಂಗಿಯಲ್ಲಿ ಕಾಯಿ ಬಿಡದ ಗಂಡು ಗಿಡವನ್ನು ಅಜ್ಜಿ ಕಿತ್ತುಹಾಕಿಸಿದ್ದನ್ನು ಕಂಡ ಮಗುವಿಗೆ ಏಕಲಿಂಗ ಹೂವಿಗೆ ಬೇರೆ ಉದಾಹರಣೆ ಯಾಕೆ?

ಈ ಅಧ್ಯಾಯದ ಉಳಿದರ್ಧದ ಬಗ್ಗೆ ಒಂದು ಮಾತು ಹೇಳಲೇಬೇಕು. ಮಾನವ ಸಂತಾನೋತ್ಪತ್ತಿಯ ಪುಟಗಳು ಬಂದಾಗ ಎಷ್ಟೋ ತರಗತಿಗಳಲ್ಲಿ ಇದನ್ನು ಮನೆಯಲ್ಲಿ ಓದಿಕೊಳ್ಳಿ ಎಂದು ದಾಟಿಸಿಬಿಡುತ್ತಾರೆ. ಮಕ್ಕಳೂ ನಾಚಿ ಆ ಪುಟ ತಿರುವುತ್ತಾರೆ. ಪ್ರಶ್ನೆಪತ್ರಿಕೆಗೆ ನಾಚಿಕೆ ಇಲ್ಲ; ಋತುಚಕ್ರ, ಗರ್ಭನಿರೋಧಕ ವಿಧಾನ, ಸ್ತ್ರೀ ಸಂತಾನೋತ್ಪತ್ತಿ ವ್ಯೂಹದ ಚಿತ್ರ ಎಲ್ಲವನ್ನೂ ಅದು ಕೇಳಬಹುದು. ಅಂಕಕ್ಕಿಂತ ದೊಡ್ಡ ವಿಷಯವೂ ಇಲ್ಲಿದೆ. ಹುಟ್ಟುವ ಮಗು ಗಂಡೋ ಹೆಣ್ಣೋ ಎಂಬುದು ತಂದೆಯ ವೀರ್ಯಾಣುವಿನಲ್ಲಿ ಎಕ್ಸ್ ಇದೆಯೋ ವೈ ಇದೆಯೋ ಎಂಬುದರ ಮೇಲೆ ನಿಂತಿದೆ. ತಾಯಿಯ ಅಂಡಾಣುವಿನಲ್ಲಿರುವುದು ಯಾವಾಗಲೂ ಎಕ್ಸ್. ಹಾಲಿನ ಡೇರಿ ಇರುವ ನಮ್ಮ ಊರುಗಳಲ್ಲಿ ಈಗ ಹೆಣ್ಣುಕರುವೇ ಹೆಚ್ಚಾಗಿ ಹುಟ್ಟಲೆಂದು ಲಿಂಗ ವಿಂಗಡಿಸಿದ ವೀರ್ಯವನ್ನು ಹಸುಗಳಿಗೆ ಕೊಡಿಸುತ್ತಾರೆ. ಹೋರಿಯ ವೀರ್ಯ ನಿರ್ಧರಿಸುತ್ತದೆ ಎಂದು ಕೊಟ್ಟಿಗೆಯಲ್ಲಿ ಒಪ್ಪುವವರು ಮನೆಯೊಳಗೆ ಬಂದು ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವುದು ಅನ್ಯಾಯ. ಈ ಉತ್ತರವನ್ನು ನಾಚದೆ ಪೂರ್ತಿ ಬರೆಯಲು ಕಲಿತ ಹುಡುಗ, ಹುಡುಗಿ ನಾಳೆ ಆ ಅನ್ಯಾಯ ಮಾಡಲಾರರು.

ಇನ್ನು ಪರೀಕ್ಷಾ ಕೊಠಡಿ. ಪ್ರಶ್ನೆಪತ್ರಿಕೆ ಓದಲೆಂದೇ ಕೊಡುವ 15 ನಿಮಿಷವನ್ನು ಓದಲಿಕ್ಕೇ ಬಳಸಿ. ಚಿತ್ರದ ಪ್ರಶ್ನೆ ಯಾವುದು, ಅದರಲ್ಲಿ ಯಾವ ಭಾಗಗಳನ್ನು ಗುರುತಿಸಲು ಕೇಳಿದ್ದಾರೆ, ಮೊದಲು ನೋಡಿಕೊಳ್ಳಿ. ಬರೆಯಲು ಉಳಿಯುವುದು 180 ನಿಮಿಷ; ಒಂದು ಅಂಕಕ್ಕೆ ಎರಡು ನಿಮಿಷದಂತೆ ಹೋದರೆ 160ಕ್ಕೆ ಮುಗಿದು ತಿರುಗಿ ನೋಡಲು 20 ನಿಮಿಷ ಸಿಗುತ್ತದೆ. ಮೂರು ಅಂಕದ ಪ್ರಶ್ನೆಗೆ ಎರಡು ಪುಟ ಬರೆಯಬೇಡಿ, ಮೂರು ಅಂಶ ಬರೆಯಿರಿ. ಮೌಲ್ಯಮಾಪಕರು ಅಂಶ ಹುಡುಕುತ್ತಾರೆ, ಸಾಲು ಎಣಿಸುವುದಿಲ್ಲ. ಬಹು ಆಯ್ಕೆಯ ಪ್ರಶ್ನೆಗೆ ಕ್ರಮಾಕ್ಷರದೊಡನೆ ಪೂರ್ಣ ಉತ್ತರ ಬರೆಯಬೇಕೆಂದು ಸೂಚನೆಯಲ್ಲೇ ಇರುತ್ತದೆ, ಬರಿಯ ಅಕ್ಷರ ಬರೆದು ಮುಂದೆ ಹೋಗಬೇಡಿ. ವ್ಯತ್ಯಾಸ ಕೇಳಿದರೆ ಎರಡು ಕಲಂ ಹಾಕಿ ಎದುರುಬದುರು ಬರೆಯಿರಿ. ಏಕೆ ಎಂದು ಕೇಳಿದಲ್ಲಿ ಏನು ಎಂದು ಉತ್ತರಿಸಿದರೆ ಅಂಕ ಬಾರದು. ಪತ್ರರಂಧ್ರ ತೆರೆಯುತ್ತದೆ ಎಂದಷ್ಟೇ ಬರೆದರೆ ಸಾಲದು, ಕಾವಲು ಕೋಶಗಳಿಗೆ ನೀರು ನುಗ್ಗಿ ಅವು ಊದಿಕೊಳ್ಳುವುದರಿಂದ ತೆರೆಯುತ್ತದೆ ಎನ್ನಬೇಕು. ಪ್ರಶ್ನೆಯ ಸಂಖ್ಯೆಯನ್ನು ಪತ್ರಿಕೆಯಲ್ಲಿ ಇದ್ದಂತೆಯೇ ಹಾಕಿ.

ಅಪ್ಪ ಅಮ್ಮಂದಿರಲ್ಲೂ ಒಂದು ಬಿನ್ನಹ. ರಾತ್ರಿ ಪಾಳಿಯಲ್ಲಿ ತ್ರೀಫೇಸ್ ಕರೆಂಟು ಬಂತೆಂದು ಮೋಟಾರು ಹಾಕಲು ಈ ವಾರ ಮಗನನ್ನು ಎಬ್ಬಿಸಬೇಡಿ. ಮಗಳಿಗೆ ಪಾತ್ರೆ, ಕೊಟ್ಟಿಗೆ ಕೆಲಸದಿಂದ ಬಿಡುವು ಕೊಡಿ. ಓದಿದ್ದು ನೆನಪಾಗಿ ಗಟ್ಟಿಯಾಗುವುದು ನಿದ್ದೆಯಲ್ಲಿ. ರಾತ್ರಿಯಿಡೀ ಓದು ಎಂದು ಒತ್ತಾಯಿಸಿದರೆ ಬೆಳಿಗ್ಗೆ ಹೃತ್ಕರ್ಣಕ್ಕೂ ಹೃತ್ಕುಕ್ಷಿಗೂ ವ್ಯತ್ಯಾಸ ತೋಚುವುದಿಲ್ಲ. ಪರೀಕ್ಷೆಗಳು ಬರುವುದು ಯುಗಾದಿಯ ಆಸುಪಾಸಿನಲ್ಲಿ, ಜಾತ್ರೆ, ಮದುವೆಗಳ ಕಾಲದಲ್ಲಿ. ಊರಿನ ಹಿರಿಯರು ಮನಸ್ಸು ಮಾಡಿದರೆ ರಾತ್ರಿ ಒಂಬತ್ತಕ್ಕೆ ಮೈಕು ನಿಲ್ಲಿಸುವುದು ಕಷ್ಟವಲ್ಲ.

ಕೊನೆಯದಾಗಿ ಮೇಷ್ಟ್ರುಗಳಿಗೆ, ಮೇಡಂಗಳಿಗೆ. ನೀವು ಬೆಳಿಗ್ಗೆ, ಸಂಜೆ ವಿಶೇಷ ತರಗತಿ ಮಾಡಿ ದಣಿದಿದ್ದೀರಿ, ಅದು ಎಲ್ಲರಿಗೂ ಗೊತ್ತು. ಆದರೂ ಒಂದು ಕೆಲಸ ಮಾಡಿ. ಪೂರ್ವಸಿದ್ಧತಾ ಪರೀಕ್ಷೆಯ ವಿಜ್ಞಾನ ಉತ್ತರಪತ್ರಿಕೆಗಳು ಎಷ್ಟೋ ಶಾಲೆಗಳಲ್ಲಿ ಅಂಕ ದಾಖಲಾದ ಮೇಲೆ ಬೀರುವಿನಲ್ಲಿ ಕಟ್ಟು ಕಟ್ಟಿ ಕೂತಿರುತ್ತವೆ. ಆ ಕಟ್ಟು ಬಿಚ್ಚಿ. ಪ್ರತಿ ಮಗುವಿಗೂ ಅದರ ಪತ್ರಿಕೆಯನ್ನೂ ಅದರ ಜೊತೆ ಪರೀಕ್ಷಾ ಮಂಡಳಿಯ ಮಾದರಿ ಉತ್ತರವನ್ನೂ ಕೊಟ್ಟು, ಅಂಕ ಎಲ್ಲಿ ಹೋಯಿತೆಂದು ಅದೇ ಹುಡುಕಲಿ ಎಂದು ಬಿಡಿ. ನಾಲ್ಕು ಬಿಳಿ ಹಾಳೆ ಕೊಟ್ಟು, ತಪ್ಪಾದಷ್ಟನ್ನೇ ಮತ್ತೆ ಬರೆಸಿ. ಕೊನೆಯ ವಾರದಲ್ಲಿ ಒಂದು ಮಗುವಿಗೆ ಇದಕ್ಕಿಂತ ಒಳ್ಳೆಯ ಪ್ಯಾಕೇಜ್ ಬೇರೆ ಯಾರೂ ತಯಾರಿಸಿ ಕೊಡಲಾರರು.